ಸರಿಯಾಗಿ ಬಂದ ಕೆಟ್ಟ ಗಿಟಾರ್

ಮಾರ್ಚ್ ಹತ್ತು, ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಠಾಣೆಗೆ ಬಂದ ದೂರು ಯಾವ ಕಲಮಿಗೂ ಸಿಗುವಂಥದ್ದಾಗಿರಲಿಲ್ಲ. ದೂರುದಾರನ ಹೆಸರು ಜಗನ್, ವಯಸ್ಸು ಇಪ್ಪತ್ತಾರು, ಹೆಗಲಿಗೆ ಗಿಟಾರಿನ ಚೀಲ.

"ಏನಪ್ಪ ಕಳೆದಿರೋದು?" ಎಂದು ಸಬ್ ಇನ್‌ಸ್ಪೆಕ್ಟರ್ ಗಂಗರಾಜು ಕೇಳಿದರು.

"ಕಳೆದಿರೋದಲ್ಲ ಸಾರ್. ಆನ್‌ಲೈನಲ್ಲಿ ಕೆಟ್ಟೋಗಿರೋ ಎಲೆಕ್ಟ್ರಿಕ್ ಗಿಟಾರ್ ತರಿಸಿದ್ದೆ. ಸರಿಯಾಗಿ ಬಂದೈತೆ."

"ಬೇರೆ ಗಿಟಾರ್ ಬಂತಾ?"

"ಅದೇ ಗಿಟಾರ್ ಸಾರ್. ಕೆಟ್ಟಿದ್ದೇ ಸರಿಹೋಗಿ ಬಂದೈತೆ. ಇದು ಮೂರನೇ ಸಲ."

ಗಂಗರಾಜು ಪೆನ್ನು ಕೆಳಗಿಟ್ಟರು. "ದೇವರಿಗೊಂದು ಕಾಯಿ ಒಡೆಯೋದು ಬಿಟ್ಟು ಸ್ಟೇಷನ್‌ಗೆ ಬಂದಿದ್ದೀಯಲ್ಲಪ್ಪ!"

"ನಮ್ಮನೇಲಿ ಕಾಯಿ ಒಡೆಯಲ್ಲ ಸಾರ್. ಬುದ್ಧನ್ನ ನಂಬಿರೋರು. ಅದಕ್ಕೇ ಸೀದಾ ಇಲ್ಲಿಗೆ ಬಂದೆ."

ಕಂಪ್ಯೂಟರಿನ ಮುಂದೆ ಕೂತಿದ್ದ ಪೇದೆ ಕಲ್ಯಾಣಿ ನಗು ತಡೆದುಕೊಂಡಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ನೋಡುವುದು ಜಾಸ್ತಿ. ಹುಡುಗನಿಗೆ ಕೋಪ ಬಂದಿಲ್ಲ, ಭಯವಾಗಿದೆ ಎಂಬುದನ್ನು ಅವಳು ಆಗಲೇ ಗಮನಿಸಿದ್ದಳು.

ಜಗನ್ ತನ್ನ ಕಸುಬನ್ನು ವಿವರಿಸಿದ. ಸದ್ದು ಸತ್ತ ಎಲೆಕ್ಟ್ರಿಕ್ ಗಿಟಾರುಗಳನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿ, ಆರ್ಕೆಸ್ಟ್ರಾದವರಿಗೆ ಮಾರುತ್ತಾನೆ. ಈ ಗಿಟಾರಿನ ಒಳಗೆ, ತಂತಿಯ ಅದುರನ್ನು ಸ್ಪೀಕರಿಗೆ ಮುಟ್ಟಿಸುವ ಪಿಕಪ್ ಎಂಬ ಸಣ್ಣ ಸುರುಳಿ ಇರುತ್ತದೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರಲ್ಲಿ ಎಲ್ಲೋ ಒಂದು ಕಡೆ ಎಳೆ ಕಡಿದರೂ ಗಿಟಾರ್ ಮೂಗ.

"ಮೂರನೇ ಸಲ ಅಂದ್ರಿ," ಕಲ್ಯಾಣಿ ಮೊದಲ ಬಾರಿಗೆ ಬಾಯಿ ತೆರೆದಳು. "ಮೊದಲೆರಡು ಸಲ ಯಾಕೆ ಬರ್ಲಿಲ್ಲ?"

ಜಗನ್ ನೆಲ ನೋಡಿದ. "ನಾನೇ ರಿಪೇರಿ ಮಾಡ್ದೆ ಅಂತ ಹೇಳಿ ಮಾರ್ಬಿಟ್ಟೆ ಮೇಡಂ."

"ಓಹೋ!" ಎಂದರು ಗಂಗರಾಜು.

"ಚಿಂತಾಮಣಿಯ ಮುರಳಿಮೋಹನ್ ಆರ್ಕೆಸ್ಟ್ರಾದೋರು ತಗೊಂಡ್ರು. ಇಂಥ ಸದ್ದು ಜನ್ಮದಲ್ಲಿ ಕೇಳಿಲ್ಲ, ಇದೇ ಥರದ್ದು ಇನ್ನೂ ನಾಲ್ಕು ಬೇಕು ಅಂದ್ರು. ಯುಗಾದಿ ಆದ್ಮೇಲೆ ಸಾಲಾಗಿ ಮದುವೆಗಳು. ನಾನು ಹೂಂ ಅಂದ್ಬಿಟ್ಟೆ. ಎಷ್ಟು ಸುತ್ತಿದ್ರೂ ಆ ಸದ್ದು ನನ್ನ ಕೈಲಿ ಬರ್ತಿಲ್ಲ ಸಾರ್. ಯುಗಾದಿ ಒಳಗೆ ಆ ಕೈ ಯಾರದು ಅಂತ ಗೊತ್ತಾಗ್ದಿದ್ರೆ ನನ್ನ ಹೆಸರು ಮಣ್ಣಾಗುತ್ತೆ. ಆರ್ಕೆಸ್ಟ್ರಾದೋರೆಲ್ಲ ಒಂದೇ ವಾಟ್ಸಾಪ್ ಗ್ರೂಪಲ್ಲಿ ಅವ್ರೆ."

"ಅಂದ್ರೆ ನಿನಗೆ ಕಳ್ಳ ಬೇಡ, ಮೇಷ್ಟ್ರು ಬೇಕು. ಅದಕ್ಕೆ ಎಫ್‌ಐಆರ್ ಹಾಕೋಕಾಗಲ್ಲ."

"ಮುಚ್ಚಳ ಹೋಗೈತೆ ಸಾರ್. ಪಿಕಪ್ ಮೇಲೆ ಹೊಳೆಯೋ ಸ್ಟೀಲಿನ ಮುಚ್ಚಳ. ಮೂರರದ್ದೂ ಇಲ್ಲ."

"ಇದನ್ನ ಮೊದಲೇ ಬೊಗಳ್ಬಾರ್ದಾ!" ಗಂಗರಾಜು ಲವಲವಿಕೆಯಿಂದ ಪೆನ್ನು ಎತ್ತಿಕೊಂಡರು. ಪಾರ್ಸೆಲ್ ಬಿಚ್ಚಿ ವಸ್ತು ಕದ್ದ ಬಗ್ಗೆ ಅಪರಿಚಿತರ ಮೇಲೆ ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಜಗನ್ ಮನೆಯಲ್ಲಿ ಪಂಚನಾಮೆ. ಮಹಡಿಯ ಕೋಣೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಸಾಲಾಗಿ ಗಿಟಾರುಗಳು ತೂಗುತ್ತಿದ್ದವು. ಜಗನ್ ತಾಯಿ ಆಂಜಿನಮ್ಮ ಎಲ್ಲರಿಗೂ ಕಾಫಿ ತಂದು, "ಇವನ ಕೈಲಿ ರಿಪೇರಿ ಆಗಿದೆ ಅಂದಾಗ್ಲೇ ನನಗೆ ಅನುಮಾನ ಬಂದಿತ್ತು ಸಾರ್," ಎಂದು ಹೇಳಿ ಇಳಿದುಹೋದರು.

ಮೂರನೇ ಗಿಟಾರಿನ ರಟ್ಟಿನ ಡಬ್ಬದ ಮೇಲೆ ಟೇಪಿನ ಮೇಲೆ ಟೇಪು ಅಂಟಿತ್ತು. ಗಂಗರಾಜು ಡಬ್ಬ ತೆರೆದವರೇ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. "ಏನಯ್ಯ ಇದು ಈ ನಾತ?"

ಜಗನ್ ಮೂಸಿದ. "ಬೆಸುಗೆ ಹೊಗೆ ಕುಡಿದೂ ಕುಡಿದೂ ನನ್ನ ಮೂಗು ಸತ್ತೋಗೈತೆ ಸಾರ್."

ಕಲ್ಯಾಣಿಯೂ ಬಗ್ಗಿ ಮೂಸಿದಳು. ರಟ್ಟಿನ ವಾಸನೆ ಬಿಟ್ಟರೆ ಏನೂ ಇಲ್ಲ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಅವಳಿಗೆ ಅದು ವಿಚಿತ್ರವೆನಿಸಿತು.

ಮರುದಿನ ಅವರು ಗೌರಿಬಿದನೂರು ದಾಟಿ ತೊಂಡೇಬಾವಿಗೆ ಹೋದರು. ಮೂರನೇ ಗಿಟಾರನ್ನು ಮಾರಿದ್ದ ಹರಿಕೃಷ್ಣ ರೈಲ್ವೆ ಸ್ಟೇಷನ್ ಹತ್ತಿರವೇ ಇದ್ದ. ಜಾಹೀರಾತಿಗೆ ಹಾಕಿದ್ದ ವಿಡಿಯೋ ತೋರಿಸಿದ. ತಂತಿ ಮೀಟಿದರೂ ಸ್ಪೀಕರ್ ತೆಪ್ಪಗಿತ್ತು.

"ನೀವೇ ಪ್ಯಾಕ್ ಮಾಡಿದ್ರಾ?"

"ನಾನೇ ಮಾಡಿದ್ದು ಮೇಡಂ. ಮುಚ್ಚಳ ಇತ್ತು, ವಿಡಿಯೋದಲ್ಲೇ ಕಾಣುತ್ತಲ್ಲ. ಅದರ ಸದ್ದು ನಿಂತ ದಿನ ನಮ್ಮನೇವ್ರು ಪಾಯಸ ಮಾಡಿದ್ರು."

ಕಲ್ಯಾಣಿ ತಗ್ಗಿದ ದನಿಯಲ್ಲಿ, "ಸಾರ್, ಈ ಕೋಣೇಲಿ ಒಂದ್ಸಲ ಮೂಸಿ ನೋಡಿ," ಎಂದಳು.

"ನಾನೇನು ಪೊಲೀಸ್ ನಾಯೀನಾ?" ಎಂದರೂ ಗಂಗರಾಜು ಮೂಸಿದರು. ಗಿಟಾರ್ ಇಟ್ಟಿದ್ದ ಬೀರುವನ್ನೂ ಮೂಸಿದರು. "ಇಲ್ಲಿಲ್ಲ."

ಹಾಗಾದರೆ ನಾತವೂ ರಿಪೇರಿಯೂ ಒಂದೇ ಕಡೆ, ದಾರಿಯ ನಡುವೆ ಸೇರಿವೆ. ಜೀಪಿನಲ್ಲಿ ವಾಪಸು ಬರುವಾಗ ಕಲ್ಯಾಣಿ ಅದನ್ನೇ ಯೋಚಿಸುತ್ತಿದ್ದಳು. ಸಾಹೇಬರಿಗೆ ತಡೆಯಲಾಗದಂಥ ವಾಸನೆ ತನಗೆ ಗೊತ್ತೇ ಆಗಲಿಲ್ಲವೆಂದರೆ ಹೇಗೆ? ನೆಗಡಿಯೂ ಇಲ್ಲ.

"ಆ ನಾತ ಹೇಗಿತ್ತು ಸಾರ್?"

"ಹೇಗಿತ್ತು ಅಂತ ಹೇಳ್ಳಮ್ಮ? ಹುಳ ಬೇಯಿಸಿದ ಹಾಗೆ."

ಕಲ್ಯಾಣಿ ಗಟ್ಟಿಯಾಗಿ ನಕ್ಕುಬಿಟ್ಟಳು. ಸಾಹೇಬರ ಎದುರಿಗೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. "ಸಾರ್, ಅದು ನಮ್ಮೂರು!"

ಅವಳು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಘಟಕದ ಹಿಂದಿನ ಮನೆಯಲ್ಲಿ. ಆ ವಾಸನೆಯಲ್ಲೇ ತೊಟ್ಟಿಲು, ಅದರಲ್ಲೇ ಊಟ, ನಿದ್ದೆ. ಮೂಗು ಅದನ್ನು ಎಂದೋ ಲೆಕ್ಕದಿಂದ ಬಿಟ್ಟಿತ್ತು.

ಚಿಕ್ಕಬಳ್ಳಾಪುರದ ಕೊರಿಯರ್ ಕಚೇರಿಯಲ್ಲಿ ವಿಚಾರಿಸಿದಾಗ ಉಳಿದದ್ದು ತಾನಾಗಿ ಬಂತು. ಜಾಗ ಸಾಲದ್ದರಿಂದ ಉದ್ದನೆಯ ಪಾರ್ಸೆಲ್‌ಗಳೆಲ್ಲ ಶಿಡ್ಲಘಟ್ಟದ ಗೋಡೌನಿಗೆ ಹೋಗುತ್ತವೆ. ಅಲ್ಲಿಂದ ಶುಕ್ರವಾರದ ವ್ಯಾನಿನಲ್ಲಿ ಬರುತ್ತವೆ. ವ್ಯಾನಿನ ಚಾಲಕ ಗಂಗುಲಪ್ಪ ಪೊಲೀಸರನ್ನು ಕಂಡದ್ದೇ ಹತ್ತಿರ ಬಂದ.

"ನಾನೇ ಕಂಪ್ಲೇಂಟ್ ಕೊಡೋಣ ಅಂತಿದ್ದೆ ಸಾರ್. ಗೋಡೌನ್ ನೋಡ್ಕೊಳೋ ವರಲಕ್ಷ್ಮಮ್ಮ ಅಂತ ಒಬ್ರು ಅವ್ರೆ. ಗಿಟಾರ್ ಡಬ್ಬ ಬಂದಾಗೆಲ್ಲ ನನ್ನ ಹಿಡ್ಕೊಂಡು ಬೈತಾರೆ. ಒಡ್ದಾಕಿದ್ಯಾ, ನಿನ್ನ ಕೈ ಸೇದೋಗ, ಅಂತ. ನಾನು ಮಗು ಎತ್ಕೊಂಡಂಗೆ ಇಳಿಸ್ತೀನಿ ಸಾರ್!"

"ಈಗ ಅಲ್ಲಿ ಗಿಟಾರ್ ಏನಾದ್ರೂ ಇದೆಯಾ?"

"ನೆನ್ನೆ ಒಂದು ಇಳಿಸ್ದೆ. ನೆನ್ನೇನೂ ಬೈಸ್ಕೊಂಡೆ."

ಹನ್ನೆರಡನೇ ತಾರೀಖು, ಬುಧವಾರ. ಶಿಡ್ಲಘಟ್ಟ ಹತ್ತಿರವಾಗುತ್ತಲೇ ಗಂಗರಾಜು ಕರವಸ್ತ್ರ ತೆಗೆದರು. "ಇದೇ," ಎಂದರು ಬಟ್ಟೆಯೊಳಗಿಂದ.

ಗೋಡೌನಿನ ಮುಂಬಾಗಿಲು ತೆರೆದಿತ್ತು. ಡಬ್ಬಗಳ ಸಾಲಿನ ಹಿಂದೆ, ಗವಾಕ್ಷಿಯ ಬೆಳಕಿನಲ್ಲಿ, ಐವತ್ತೈದರ ಆಸುಪಾಸಿನ ದಪ್ಪನೆಯ ಹೆಂಗಸೊಬ್ಬರು ರೇಷ್ಮೆ ನೂಲು ಬಿಚ್ಚುವ ಹಳೆಯ ಚರಕದ ಮುಂದೆ ಕೂತಿದ್ದರು. ಪಕ್ಕದಲ್ಲಿ ಒಡಲು ಬಿಚ್ಚಿದ ಕೆಂಪು ಗಿಟಾರ್, ಅದರ ಪಿಕಪ್ಪಿನ ಮುಚ್ಚಳ. ಚರಕದಲ್ಲಿ ಪಿಕಪ್ ಗಿರ್ರನೆ ತಿರುಗುತ್ತಿತ್ತು. ತಾಮ್ರದ ಎಳೆ ಆಕೆಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಾದು, ಅತ್ತಿತ್ತ ಓಲಾಡುತ್ತ ಸುತ್ತಿಕೊಳ್ಳುತ್ತಿತ್ತು.

"ಪೊಲೀಸ್," ಎಂದರು ಗಂಗರಾಜು.

"ಒಂದ್ನಿಮಿಷ ನಿಂತ್ಕೊ ನಾಯನಾ, ಎಳೆ ಕಡ್ದೋಗುತ್ತೆ," ಎಂದರು ಆಕೆ, ತಲೆ ಎತ್ತದೆ.

ಪೊಲೀಸರು ನಿಂತರು. ಸುತ್ತು ಮುಗಿಯಿತು. ವರಲಕ್ಷ್ಮಮ್ಮ ಎಳೆಯ ತುದಿಯನ್ನು ಬ್ಲೇಡಿನಿಂದ ಹೆರೆದು, ಬೆಸುಗೆ ಹಾಕಿ, ಮೀಟರಿನ ಮುಳ್ಳು ಆಡಿದ್ದನ್ನು ನೋಡಿ, ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು. ಬೆಸುಗೆ ಕಡ್ಡಿ, ಮೀಟರು ಎರಡೂ ಗಂಡ ಮುದ್ದಪ್ಪನವು. ಆತನದು ಬೋರ್‌ವೆಲ್ ಮೋಟಾರ್ ವೈಂಡಿಂಗ್ ಕೆಲಸ.

"ಪಾರ್ಸೆಲ್ ಯಾಕೆ ಬಿಚ್ಚಿದ್ರಿ?"

"ನಾನೆಲ್ಲಿ ಬಿಚ್ದೆ? ಮೊದಲ್ನೇದು ತಾನಾಗೇ ಹರಿದಿತ್ತು. ಒಳಗೆ ನೋಡಿದ್ರೆ ಎಳೆ ಜೋತಾಡ್ತೈತೆ. ಒಡ್ದಿರೋ ಮಾಲು ಹೋದ್ರೆ ಕಂಪನಿಯೋರು ನನ್ನನ್ನೇ ಕೆಲಸದಿಂದ ತೆಗೀತಾರೆ. ಅದಕ್ಕೇ ಸರಿಮಾಡಿ ಕಳಿಸ್ದೆ. ಆಮೇಲೆ ಯಾವ್ದು ಬಂದ್ರೂ ಬಿಚ್ಚಿ ನೋಡ್ತಿದ್ದೆ. ಎಲ್ಲಾನೂ ಒಡ್ದಿರೋದೆ! ಆ ಗಂಗುಲಪ್ಪನ್ನ ಮೊದ್ಲು ಹಿಡೀರಿ."

"ಅವು ಕೆಟ್ಟಿರೋವೇ ಅಮ್ಮ," ಎಂದಳು ಕಲ್ಯಾಣಿ. "ಕೆಟ್ಟಿರೋದು ಅಂತ ಗೊತ್ತಿದ್ದೇ ಒಬ್ರು ದುಡ್ಡು ಕೊಟ್ಟು ತರಿಸ್ತಿದಾರೆ."

ವರಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಯಾರಿಗೆ ಹೇಳ್ತೀಯ ಅಮ್ಮಾಯಿ? ಕೆಟ್ಟೋಗಿರೋದನ್ನ ದುಡ್ಡು ಕೊಟ್ಟು ಯಾರಾನ ತಗೊಂತಾರಾ? ಅವನಿಗೇನು ತಲೆ ಕೆಟ್ಟೈತಾ?"

"ಮುಚ್ಚಳ ಎಲ್ಲಿ?"

ಆಗ ಆಕೆಯ ದನಿ ತಗ್ಗಿತು. ಗೋಡೆಯ ಗೂಡಿನಲ್ಲಿ ಲಕ್ಷ್ಮಿಯ ಪಟದ ಮುಂದೆ ಮೂರು ಪುಟ್ಟ ಸ್ಟೀಲಿನ ಮುಚ್ಚಳಗಳು ಅಂಗಾತ ಕೂತಿದ್ದವು. ಒಂದರಲ್ಲಿ ಅರಿಶಿನ, ಒಂದರಲ್ಲಿ ಕುಂಕುಮ, ಒಂದರಲ್ಲಿ ಅಕ್ಷತೆ. "ತಿರ್ಗಾ ಕೂರ್ಸಕ್ಕೆ ಬರ್ಲಿಲ್ಲ. ಬಿಸಾಡಕ್ಕೆ ಮನ್ಸಾಗ್ಲಿಲ್ಲ. ಹೊಳೀತಿತ್ತಲ್ಲ!"

ಪಂಚರ ಸಮಕ್ಷಮ ಮುಚ್ಚಳಗಳನ್ನು ವಶಪಡಿಸಿಕೊಳ್ಳಲಾಯಿತು. ಅರಿಶಿನ ಕುಂಕುಮವನ್ನು ಕಲ್ಯಾಣಿಯೇ ಕಾಗದಕ್ಕೆ ಸುರಿದು ಮತ್ತೆ ಪಟದ ಮುಂದಿಟ್ಟಳು. ಮಧ್ಯಾಹ್ನ ಮೂರಕ್ಕೆ ದಸ್ತಗಿರಿ. ವರಲಕ್ಷ್ಮಮ್ಮ ತಲೆ ಬಾಚಿಕೊಂಡು, ಗೋಡೌನಿಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ, ಜೀಪು ಹತ್ತಿದರು.

ಠಾಣೆಗೆ ಜಗನ್‌ನನ್ನು ಕರೆಸಿದರು. ಮುಚ್ಚಳಗಳನ್ನು ಗುರುತಿಸಿದ. ಮೂರನೇ ಗಿಟಾರ್ ನಿಜವಾಗಿ ಸರಿಯಾಗಿದೆಯೆಂದು ಖಚಿತಪಡಿಸಬೇಕು ಎಂದು ಗಂಗರಾಜು ಗಂಭೀರವಾಗಿ ಹೇಳಿದ್ದರಿಂದ ಸ್ಪೀಕರನ್ನೂ ಹೊತ್ತು ತಂದಿದ್ದ. ತನಿಖೆಗೆ ಅದರ ಅಗತ್ಯವಿರಲಿಲ್ಲ, ಸಾಹೇಬರಿಗೆ ಕೇಳಬೇಕಿತ್ತು.

ಮೊದಲ ಮೀಟಿಗೆ ಕಿಟಕಿಯ ಗಾಜು ಅದುರಿತು. ಎರಡನೆಯದಕ್ಕೆ ಲಾಕಪ್ಪಿನಲ್ಲಿದ್ದ ಇಸ್ಪೀಟು ಕೇಸಿನವರು ಎದ್ದು ಕಂಬಿ ಹಿಡಿದುಕೊಂಡರು. ಜಗನ್ ಒಂದು ಮದುವೆ ಮೆರವಣಿಗೆಯ ಕುಣಿತದ ಮಟ್ಟು ಹಿಡಿದ. ಸದ್ದು ತೆಳ್ಳಗೆ ಹೊಳೆಯುತ್ತ ಹೊರಟು, ಕೊನೆಯಲ್ಲಿ ಬೆಚ್ಚಗೆ ದುಂಡಗಾಗುತ್ತಿತ್ತು. ಹೆಡ್ ಕಾನ್ಸ್‌ಟೇಬಲ್ಲರ ಬೂಟು ತಾಳ ಹಾಕುತ್ತಿತ್ತು.

ಬೆಂಚಿನ ಮೇಲಿದ್ದ ಆರೋಪಿ ಬಾಯಿ ತೆರೆದುಕೊಂಡು ಕೂತಿದ್ದರು. ಇಷ್ಟು ದಿನ ಮೀಟರಿನ ಮುಳ್ಳು ಆಡಿದ್ದನ್ನಷ್ಟೇ ನೋಡಿದವರು ಅವರು.

"ಅಯ್ಯೋ ನಾಯನಾ," ಎಂದರು ಕೊನೆಗೆ. "ಇದು ಇಂಗೆ ಕೂಗುತ್ತಾ?"

"ನೀವು ಹೆಂಗೆ ಸುತ್ತಿದ್ರಿ ಅಮ್ಮ?" ಜಗನ್ ಅವರ ಮುಂದೆ ಮಂಡಿಯೂರಿದ್ದ. "ನಾನು ಮಿಷನ್‌ನಲ್ಲಿ ಒಂದರ ಪಕ್ಕ ಒಂದು ನೀಟಾಗಿ ಸುತ್ತುತೀನಿ, ಬರಲ್ಲ."

"ನೀಟಾಗಿ ಸುತ್ತಿದ್ರೆ ಎಳೆ ಒಂದಕ್ಕೊಂದು ಅಂಟ್ಕೊಂಡು ಉಸ್ರು ಕಟ್ಟುತ್ತೆ ಕಣೋ! ರೇಷ್ಮೆ ಥರ ಅಡ್ಡಡ್ಡ ಬಿಡ್ಬೇಕು."

"ಇದು ವಿಚಾರಣೆ," ಎಂದು ಗಂಗರಾಜು ನೆನಪಿಸಿದರು.

ಹೇಳಿಕೆ ಬರೆದುಕೊಂಡದ್ದು ಕಲ್ಯಾಣಿ. "ಮೊದಲನೇದು ಕೆಲಸ ಹೋಗುತ್ತೆ ಅಂತ ಮಾಡಿದ್ರಿ. ಆಮೇಲಿನವನ್ನ? ಬಿಚ್ಚದೆ ಕಳಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ವರಲಕ್ಷ್ಮಮ್ಮ ಸೆರಗಿಗೆ ಅಂಟಿದ್ದ ತಾಮ್ರದ ಎಳೆಯೊಂದನ್ನು ಬಿಡಿಸಿಕೊಂಡರು. "ಮೂವತ್ತು ವರ್ಷ ನೂಲು ಬಿಚ್ಚಿದೋಳು ಅಮ್ಮಾಯಿ. ದೊಡ್ಡ ಮಿಷನ್ ಬಂದ್ಮೇಲೆ ನನ್ನ ಚರಕ ಯಾರಿಗೂ ಬೇಡ್ವಾಯ್ತು. ಡಬ್ಬ ಎಣಿಸ್ಕೊಂಡು ಕೂತಿದ್ದೆ. ಆಮೇಲೆ ಉದ್ದನೇ ಡಬ್ಬ ಯಾವಾಗ ಬರುತ್ತೆ ಅಂತ ಕಾಯೋಂಗಾಯ್ತು."

ಕಲ್ಯಾಣಿ ಅದನ್ನು ಹಾಗೆಯೇ ಬರೆದಳು. ಗಂಗರಾಜು ಓದಿದರು, ಏನನ್ನೂ ತಿದ್ದಲಿಲ್ಲ.

ಮರುದಿನ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಜಾಮೀನುದಾರರು ಯಾರೆಂದು ಕೇಳಿದಾಗ ಜಗನ್ ಕೈ ಎತ್ತಿದ.

ನ್ಯಾಯಾಧೀಶರು ಕಾಗದ ತಿರುವಿ ನೋಡಿದರು. "ನೀವು ದೂರುದಾರರಲ್ಲವೆ?"

"ಹೌದು ಸ್ವಾಮಿ. ರಾಜಿಗೂ ಅರ್ಜಿ ಹಾಕ್ತೀನಿ."

"ಆರೋಪಿ ಓಡಿಹೋದರೆ?"

"ಯುಗಾದಿ ತನಕ ನಾನೇ ಬಿಡಲ್ಲ ಸ್ವಾಮಿ."

ಹೊರಗೆ ಹೊಂಗೆ ಮರದ ಕೆಳಗೆ ಗಂಗುಲಪ್ಪ ಕಾಯುತ್ತಿದ್ದ. ಕಂಪನಿಯವರು ವರಲಕ್ಷ್ಮಮ್ಮನನ್ನು ಕೆಲಸದಿಂದ ತೆಗೆದ ಸುದ್ದಿ ಅವನ ಬಳಿ ಇತ್ತು. ಹೇಳಲು ಬಾಯಿ ಬಾರದೆ ಒದ್ದಾಡಿ, ಕೊನೆಗೆ ಹೇಳಿದ. ಅದೇ ಭಯದಿಂದ ಮೊದಲ ಎಳೆ ಕೂಡಿಸಿದ್ದವರು ಏನು ಮಾಡುತ್ತಾರೋ ಎಂದು ಕಲ್ಯಾಣಿ ಹತ್ತಿರ ಹೋಗಿ ನಿಂತಳು.

ವರಲಕ್ಷ್ಮಮ್ಮ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು, "ಹೂಂ, ಸರಿ," ಎಂದರು. ಆಮೇಲೆ ಜಗನ್ ಕಡೆ ತಿರುಗಿದರು.

"ಆ ಆರ್ಕೆಸ್ಟ್ರಾದೋರ್ದು ನಾಲ್ಕೂ ನಾಳೇನೇ ತಂದಾಕ್ತೀಯಾ, ಇಲ್ಲ ಒಂದೊಂದಾಗಿ ತರ್ತೀಯೇನೋ?"