ಮೂರನೆಯ ಜೊತೆ

ನಂಬುವುದು ಬಿಡುವುದು ನಿಮ್ಮಿಷ್ಟ, ಇದು ನಡೆದದ್ದು ಹಾಡಹಗಲಲ್ಲಿ. ನಮ್ಮ ಮಾರ್ಗರಿಟಾ ದ್ವೀಪದ ಹೆಂಗಸರು ಮಾತೆ ಮರಿಯಳ ಹಬ್ಬಕ್ಕೆ ಮುತ್ತಿನ ಓಲೆ ಇಲ್ಲದೆ ಹೊರಡುವುದಿಲ್ಲ. ಹಬ್ಬದ ಹಿಂದಿನ ದಿನ ನನ್ನ ಗಂಡ ಅನ್ಸೆಲ್ಮೊ ಊಟದ ಮೇಜಿನ ಮೇಲೆ ಕರವಸ್ತ್ರದ ಗಂಟು ಬಿಚ್ಚಿದ.

"ಬೇಕಾದ್ದು ಆರಿಸ್ಕೊಳ್ಳೆ. ಆಮೇಲೆ ಚೆನ್ನಾಗಿಲ್ಲ ಅಂತ ರಾಗ ಎಳೀಬೇಡ."

ಮೂರು ಜೊತೆ ಓಲೆಗಳಿದ್ದವು. ಒಂದೊಂದನ್ನೇ ಹಲ್ಲಿಗೆ ಉಜ್ಜಿ ನೋಡಿದೆ. ಅಸಲಿ ಮುತ್ತು ಹಲ್ಲಿಗೆ ಮರಳಿನಂತೆ ತರಿತರಿಯಾಗಿ ತಾಕುತ್ತದೆ. ಮೊದಲೆರಡು ತಣ್ಣಗಿದ್ದವು. ಮೂರನೆಯದು ಯಾರೋ ಆಗಷ್ಟೇ ಕಿವಿಯಿಂದ ಬಿಚ್ಚಿಕೊಟ್ಟಂತೆ ಬೆಚ್ಚಗಿತ್ತು. ಅದರ ಕೊಂಡಿಗೆ ಕೆಂಪು ದಾರ ಸುತ್ತಿತ್ತು. ಸುತ್ತಿದವಳು ನಾನೇ. ಆ ಹಬ್ಬಕ್ಕೆ ಎರಡು ವರ್ಷ ಮೊದಲು, ಶವಪೆಟ್ಟಿಗೆಯಲ್ಲಿ ಮಲಗಿದ್ದ ತಂಗಿ ನೊರೈಮಾಳ ಕಿವಿಯಿಂದ ಓಲೆ ಜಾರದಿರಲೆಂದು. ಅದನ್ನು ಕೊಟ್ಟವರು ಯಾರೆಂದು ಅವಳು ಸಾಯುವವರೆಗೂ ನನಗೆ ಹೇಳಿರಲಿಲ್ಲ.

"ಇದೆಲ್ಲಿ ಸಿಕ್ತು ನಿಂಗೆ?" ಎಂದೆ.

ಅನ್ಸೆಲ್ಮೊ ಬಿಳಿಚಿಕೊಂಡ. "ನಾನ್ ತಂದಿದ್ದು ಎರಡೇ ಜೊತೆ ಕಣೆ!" ಓಲೆಯ ಮೇಲಿಂದ ಕಣ್ಣು ಕೀಳದೆ ಮೆಲ್ಲಗೆ ಅಂದ: "ಅವಳಿಗೆ ಕೊಟ್ಟಾಗ ಇದಕ್ಕೆ ದಾರ ಇರ್ಲಿಲ್ಲ..."

ಅವನನ್ನು ಅಂದೇ ಮನೆಯಿಂದ ಹೊರಗಟ್ಟಿದೆ. ತಂಗಿಯನ್ನು ಹೇಗೆ ಹೊರಗಟ್ಟಲಿ? ಐದು ವರ್ಷವಾಯಿತು, ಓಲೆ ನನ್ನ ಡಬ್ಬಿಯಲ್ಲೇ ಇದೆ. ಇವತ್ತು ಬೆಳಿಗ್ಗೆಯೂ ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿದೆ.