ಜೋನಾಸಜ್ಜನ ಕುರ್ಚಿ

ಲೈಬ್ರರಿಯ ಹಳೇ ದಾಖಲೆಗಳ ಕೋಣೆಯ ಕಿಟಕಿ ಮೂರು ವಾರದಿಂದ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಜೂನ್ ತಿಂಗಳ ಸೆಕೆಯಲ್ಲಿ ಲಿಡಿಯಾ ಬೆಂದುಹೋಗಿದ್ದಳು. ಹಾಗಾಗಿ ಮರಗೆಲಸದ ಪೆಟ್ಟಿಗೆ ಹಿಡಿದ ಉದ್ದನೆಯ ಆಸಾಮಿಯೊಬ್ಬ ಬಾಗಿಲಲ್ಲಿ ಕಂಡದ್ದೇ ತಡ, "ಅಂತೂ ಬಂದ್ರಲ್ಲ" ಎಂದು ಕಿಟಕಿಯತ್ತ ಕೈ ತೋರಿಸಿದಳು.

ಅವನು ಒಮ್ಮೆ ಕಿಟಕಿಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಅವಳನ್ನು ನೋಡಿದ್ದು ತುಸು ಹೆಚ್ಚೇ ಹೊತ್ತು. ಆಮೇಲೆ ಉಜ್ಜುಗೊರಡು ತೆಗೆದು ಚೌಕಟ್ಟಿನ ಅಂಚನ್ನು ಸವರಿದ. ಹತ್ತೇ ನಿಮಿಷಕ್ಕೆ ಕಿಟಕಿ ಬೆಣ್ಣೆಯಿಂದ ಕೂದಲು ಎಳೆದಂತೆ ಮೇಲೆದ್ದು, ಕಡಲ ಗಾಳಿ ಒಳಗೆ ನುಗ್ಗಿತು.

ಎಷ್ಟು ಕೊಡಬೇಕೆಂದು ಅವಳು ಕೇಳಿದಾಗ ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಡೆನ್‌ವಿಕ್ ಕುಟುಂಬ ಸಂಘದ ಸದಸ್ಯತ್ವಕ್ಕೆ ಅರ್ಜಿ. ಹೆಸರು ಕ್ಯಾಲಮ್ ಡೆನ್‌ವಿಕ್, ಊರು ನೋವಾ ಸ್ಕೋಷಿಯಾ.

"ಕಿಟಕಿಗೆ ಏನೂ ಬೇಡ, ಕಸಿನ್" ಎಂದ. "ಅರ್ಜಿ ಮಾತ್ರ ಈ ಸಲ ವಾಪಸ್ ಕಳಿಸ್ಬೇಡಿ."

ಲಿಡಿಯಾಳ ಮುಖ ಕೆಂಪಾಯಿತು. ಆ ಸಂಘದ ಕಾರ್ಯದರ್ಶಿ ಅವಳೇ. ಅಧ್ಯಕ್ಷ ಅವಳ ಅಪ್ಪ ವಿನ್ಸ್‌ಲೋ ಡೆನ್‌ವಿಕ್. ೧೬೩೮ರಲ್ಲಿ ಹಡಗಿಳಿದು ಮ್ಯಾಸಚೂಸೆಟ್ಸ್‌ನ ಈ ವೆಲ್‌ಕಾಟ್ ಊರು ಕಟ್ಟಿದ ಜೋನಾಸಜ್ಜನಿಗೆ ಮೂವರು ಗಂಡುಮಕ್ಕಳು. ಹಿರಿಯನ ಪೀಳಿಗೆ ಅಪ್ಪನದು. ಮೂರನೆಯವನ ಪೀಳಿಗೆ ಒಹಾಯೊದಲ್ಲಿ ಜೋಳ ಬೆಳೆಯುತ್ತಿದೆ. ಎರಡನೆಯವನ ಪೀಳಿಗೆಯವರು ತಾವೆಂದು ಹೇಳಿಕೊಳ್ಳುವ ಕ್ಯಾಲಮನ ಕಡೆಯವರು, ಸ್ವಾತಂತ್ರ್ಯದ ಯುದ್ಧದಲ್ಲಿ ಇಂಗ್ಲೆಂಡಿನ ರಾಜನ ಪಕ್ಷ ಹಿಡಿದು ಉತ್ತರದ ನೋವಾ ಸ್ಕೋಷಿಯಾಕ್ಕೆ ಓಡಿದವರು. ಅವರು ರಕ್ತಸಂಬಂಧಿಗಳೇ ಅಲ್ಲ, ಹೆಸರು ಕದ್ದ ಆಳಿನ ಸಂತಾನ ಎಂದು ಕುಟುಂಬದ ಗ್ರಂಥ ಷರಾ ಬರೆದಿತ್ತು. ಕ್ಯಾಲಮನ ಅಜ್ಜ ಮೂವತ್ತು ವರ್ಷ, ವರ್ಷಕ್ಕೊಂದರಂತೆ ಅರ್ಜಿ ಹಾಕಿದ್ದ. ಮೂವತ್ತೂ ವಾಪಸ್ ಹೋಗಿದ್ದವು, ಕೊನೆಯ ಆರು ಲಿಡಿಯಾಳ ಸಹಿಯಲ್ಲೇ. ಈಗ ಅಜ್ಜನಿಗೆ ತೊಂಬತ್ತೊಂದು.

"ಈ ವರ್ಷ ವೈ-ಡಿಎನ್ಎ ಪರೀಕ್ಷೆ ಮಾಡಿಸ್ತಿದ್ದೀವಿ. ಅದು ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತೆ, ಯಾರ ಮಾತೂ ಕೇಳಲ್ಲ" ಎಂದಳು ಲಿಡಿಯಾ. "ನೀವೂ ಕೊಡ್ತೀರಾ?"

ಕೊಟ್ಟ. ಕಡ್ಡಿಯಿಂದ ಕೆನ್ನೆಯ ಒಳಗೆ ಒಂದು ನಿಮಿಷ ಉಜ್ಜಬೇಕು, ಮಾತಾಡುವಂತಿಲ್ಲ. ಅವಳು ಗಡಿಯಾರ ಹಿಡಿದು ಎದುರು ಕೂತಳು. ಬಾಯಿ ಕಟ್ಟಿದ್ದಕ್ಕೋ ಏನೋ ಅವನ ಮಾತೆಲ್ಲ ಕಣ್ಣಿಗಿಳಿದಿತ್ತು. ಅರ್ಧ ನಿಮಿಷಕ್ಕೆ ಅವಳಿಗೆ ನಗು ಬಂತು, ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಉಜ್ಜಿಸಿದಳು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಎಂಬತ್ತು ದಾಟಿದ ಪೇಷನ್ಸ್ ಅತ್ತೆ, ಅಪ್ಪನ ಅಕ್ಕ, ಮನೆಗೆ ಹಿರಿಯಳು ತಾನಿರುವಾಗ ತಮ್ಮನದ್ಯಾಕೆ ಎಂದು ಗುಟ್ಟಾಗಿ ತನ್ನದೂ ಒಂದು ಕಡ್ಡಿ ಕಳಿಸಿದ್ದಳು. ಈ ವ್ಯಕ್ತಿಯಲ್ಲಿ ಬೇಕಾದದ್ದೇ ಇಲ್ಲ ಎಂದು ಲ್ಯಾಬಿನವರು ಬರೆದಾಗ, ತನ್ನನ್ನು ಮದುವೆಯಾಗಲು ಬಂದವರೂ ಹಿಂದೆ ಇದನ್ನೇ ಹೇಳಿದ್ದರು ಎಂದು ನಕ್ಕುಬಿಟ್ಟಳು.

ಕ್ಯಾಲಮ್ ಆ ಬೇಸಿಗೆ ಬಂದರಿನ ದೋಣಿ ಶೆಡ್ಡಿನಲ್ಲಿ ಕೆಲಸ ಹಿಡಿದಿದ್ದ. ಲಿಡಿಯಾಳಿಗೆ ಮಧ್ಯಾಹ್ನದ ಊಟಕ್ಕೆ ಆ ದಾರಿಯೇ ಹತ್ತಿರವೆನಿಸತೊಡಗಿತು, ನಿಜಕ್ಕೂ ಅದು ಒಂದು ಮೈಲಿ ಸುತ್ತು. ಅವನು ಮಾತುಮಾತಿಗೆ ಕಸಿನ್ ಎನ್ನುವನು, ಹಾಗೆ ಕರೆಯಬೇಡಿ ಎಂದು ಅವಳು ಗದರುವಳು. ಜುಲೈ ಮುಗಿಯುವಷ್ಟರಲ್ಲಿ ನೀವು ಹೋಗಿ ನೀನು ಬಂದಿತ್ತು. ಅವಳಿಗೆ ಅವನು ಬೇಕಾಗಿದ್ದ, ಅದನ್ನು ತನಗೆ ತಾನೇ ಒಪ್ಪಿಕೊಂಡೂ ಆಗಿತ್ತು.

ಆಗಸ್ಟ್ ಎರಡನೇ ಶನಿವಾರ ಕುಟುಂಬದ ದೊಡ್ಡ ಊಟ. ಕಡಲ ದಂಡೆಯ ಗುಂಡಿಯಲ್ಲಿ ಕಲ್ಲು ಕಾಯಿಸಿ, ಕಡಲಪಾಚಿ ಹೊದಿಸಿ, ಚಿಪ್ಪುಮೀನು, ಜೋಳದ ತೆನೆ, ಆಲೂಗಡ್ಡೆ ಬೇಯಿಸುತ್ತಾರೆ. ಹಿರಿಯ ಪೀಳಿಗೆಯ ಗಂಡಸು ಜೋನಾಸಜ್ಜನ ಓಕ್ ಕುರ್ಚಿಯಲ್ಲಿ ಕೂತು ಮೊದಲ ಚಿಪ್ಪು ಬಿಡಿಸುವವರೆಗೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ನಲವತ್ತು ವರ್ಷದಿಂದ ಅಲ್ಲಿ ಕೂರುತ್ತಿದ್ದದ್ದು ಅಪ್ಪ. ಈ ಸಲ ಅವರು ಫಲಿತಾಂಶಕ್ಕೂ ಕಾಯದೆ, "ವಿಜ್ಞಾನದಿಂದ ಸಾಬೀತಾದ ಹಿರಿಯ ಮನೆತನ" ಎಂದು ಹಿತ್ತಾಳೆ ಫಲಕ ಕೆತ್ತಿಸಿ, ದಿನಾ ಬೆಳಿಗ್ಗೆ ಅದನ್ನು ಉಜ್ಜುತ್ತಿದ್ದರು.

ಊಟಕ್ಕೆ ನಾಲ್ಕು ದಿನವಿರುವಾಗ, ಮಂಗಳವಾರ, ಫಲಿತಾಂಶ ಬಂತು. ಒಹಾಯೊದವರದೂ ಕ್ಯಾಲಮನದೂ ಒಂದೇ ಅಚ್ಚು. ಅಪ್ಪನದು ಎರಡಕ್ಕೂ ಸಂಬಂಧವಿಲ್ಲದ್ದು.

ಲಿಡಿಯಾ ನೇರ ಶೆಡ್ಡಿಗೆ ನಡೆದು ಕಾಗದವನ್ನು ಅವನ ಕೈಗಿಟ್ಟಳು. ಅವನು ಓದಿದ. ಗೆದ್ದವನ ಮುಖ ಅವನದಾಗಿರಲಿಲ್ಲ.

ತನ್ನದು ಬಿಟ್ಟು ಎರಡೇ ಮಾದರಿ ಇದ್ದರೆ ಯಾರದು ಅಸಲಿ ಎಂದು ಗೊತ್ತಾಗುತ್ತದೆಯೇ ಎಂದು ಕೇಳಿದ. ಗೊತ್ತಾಗುವುದಿಲ್ಲ, ಎಲ್ಲರೂ ಒಹಾಯೊದವರದೇ ತಪ್ಪು ಎನ್ನುತ್ತಾರೆ ಎಂದಳು.

"ಹಾಗಿದ್ರೆ ನಂದು ವಾಪಸ್ ತಗೋತೀನಿ. ನಿಮ್ಮಪ್ಪ ಕುರ್ಚೀಲಿ ಕೂತ್ಕೊಳ್ಳಲಿ."

"ನಿಮ್ಮಜ್ಜ?"

"ಮೂವತ್ತು ಸಲ ಇಲ್ಲ ಅನ್ನಿಸ್ಕೊಂಡಿದ್ದಾರೆ. ಇನ್ನೊಂದು ಸಲ ತಡ್ಕೋತಾರೆ." ಅವನು ಕಾಗದ ಮಡಿಸಿ ವಾಪಸ್ ಕೊಟ್ಟ. "ನಿನ್ನ ಕಣ್ಣಲ್ಲಿ ನೀರು ನೋಡೋಕೆ ನನ್ನ ಕೈಲಿ ಆಗಲ್ಲ ಲಿಡಿಯಾ. ಅಷ್ಟೇ."

 ಒಲಿದ ಜೀವ ಹೀಗೆ ಕೈ ಚಾಚಿ ಎಲ್ಲವನ್ನೂ ಬಿಟ್ಟುಕೊಡುವಾಗ ತಗೋ ಎಂದು ಬಾಚಿಕೊಳ್ಳುವುದು ಹೇಗೆ? ಆ ಮನೆಯ ಅರ್ಜಿಯನ್ನು ಏಳನೇ ಸಲ ವಾಪಸ್ ಕಳಿಸಲು ತನ್ನ ಕೈ ಬಾರದು ಎಂದಳು.

ಆ ಇಡೀ ದಿನ ಅವಳು ಊರ ಚರ್ಚಿನ ಹಳೇ ಪುಸ್ತಕ ಜಾಲಾಡಿದಳು. ಅಪ್ಪನ ಪೀಳಿಗೆಯಲ್ಲಿ ಜೋಸಯಾನ ಮಗ ನಾಥನ್ ಡೆನ್‌ವಿಕ್‌ಗೆ ೧೭೪೧ರಲ್ಲಿ ದೀಕ್ಷಾಸ್ನಾನ. ಕುಟುಂಬದ ಗ್ರಂಥ ಬರೆದವರು ಹೆಸರು, ಇಸವಿ ನಕಲು ಮಾಡಿ ಮುಂದೆ ಹೋಗಿದ್ದರು. ಅವಳೂ ನೂರು ಸಲ ಹಾಗೇ ದಾಟಿದ್ದಳು. ಇವತ್ತು ಸಾಲಿನ ಕೊನೆಯವರೆಗೂ ಓದಿದಳು.

ಮರುದಿನ ಬೆಳಿಗ್ಗೆ ಅಪ್ಪನ ಮುಂದೆ ಎರಡನ್ನೂ ಇಟ್ಟಳು. ಅಪ್ಪ ಫಲಿತಾಂಶವನ್ನು ಎರಡು ಸಲ ಓದಿದರು, ಲ್ಯಾಬಿನದೇ ತಪ್ಪಿರಬಹುದೇ ಎಂದು ಕೇಳಿದರು. ಇಲ್ಲಪ್ಪ ಎಂದಳು. ಆಮೇಲೆ ಅವರು ಚರ್ಚಿನ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು. ವಿಧವೆ ಹ್ಯಾನಾಳ ಮಗ ನಾಥನ್, ಮೂರು ವರ್ಷ, ತಂದೆ ಕಡಲುಪಾಲು. ಜೋಸಯಾ ಡೆನ್‌ವಿಕ್ ಅವಳ ಕೈಹಿಡಿದು ಮಗುವಿಗೆ ತನ್ನ ಹೆಸರು ಕೊಡುತ್ತಾನೆ.

ಅಪ್ಪ ಕನ್ನಡಕ ತೆಗೆದಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋದರು. ಬಂದದ್ದು ಮಧ್ಯಾಹ್ನಕ್ಕೆ. ಎಲ್ಲಿಗೆ ಹೋಗಿದ್ದರೆಂದು ಹೇಳಲಿಲ್ಲ. ಶನಿವಾರದವರೆಗೂ ಫಲಕ ಉಜ್ಜಲಿಲ್ಲ. ಲಿಡಿಯಾಳಿಗೆ ಅನ್ನನೀರು ಸೇರಲಿಲ್ಲ.

ಶನಿವಾರ ದಂಡೆಯಲ್ಲಿ ನೂರಿಪ್ಪತ್ತು ಜನ ಡೆನ್‌ವಿಕ್‌ಗಳು. ಅಪ್ಪ ಕುರ್ಚಿಯ ಪಕ್ಕದಲ್ಲಿ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದರು.  ಆಮೇಲೆ ಕ್ಯಾಲಮನನ್ನು ಕರೆದು ಕೂರು ಎಂದರು.

ಕ್ಯಾಲಮ್ ಕೂರಲಿಲ್ಲ. ಫೋನ್ ತೆಗೆದು ಕುರ್ಚಿಗೆ ಒರಗಿಸಿಟ್ಟ. ಪರದೆಯಲ್ಲಿ ಟೈ ಕಟ್ಟಿ ಕೂತಿದ್ದ ಮುದುಕರೊಬ್ಬರು. ಇದು ನಮ್ಮಜ್ಜನ ಜಾಗ ಎಂದ.

"ಮೂವತ್ತು ವರ್ಷ ಕೇಳಿದ್ಮೇಲೆ ಊಟಕ್ಕೆ ಕರೆದ್ರಿ, ಸಂತೋಷ" ಎಂದರು ಅಜ್ಜ. "ಚಿಪ್ಪುಮೀನು ಇದರೊಳಗಿಂದ ಹೇಗಪ್ಪಾ ತಿನ್ನೋದು?"

ದಂಡೆಗೆ ದಂಡೆಯೇ ನಕ್ಕಿತು. ಆ ನಗುವಿನ ನಡುವೆ ಕ್ಯಾಲಮ್ ಮೇಜಿನಡಿಯಿಂದ ಒಂದು ಪುಟ್ಟ ಓಕ್ ಮಣೆ ತೆಗೆದು ಕುರ್ಚಿಯ ಪಕ್ಕ ಇಟ್ಟ. ಅಪ್ಪ ಮಂಡಿ ಹಿಡಿದುಕೊಂಡು ಅದರ ಮೇಲೆ ಕೂತರು. ಹಿತ್ತಾಳೆ ಫಲಕವನ್ನು ಮಗುಚಿ ಅದಕ್ಕೆ ಬಡಿದಿತ್ತು. ಫಲಕದ ಹಿಂಬದಿಯಲ್ಲಿ ಹೊಸದಾಗಿ ಕೆತ್ತಿದ್ದರು: ನಾಥನ್, ಮೂರು ವರ್ಷ, ಬೇಕೆಂದು ತಂದ ಮಗು.

"ಬುಧವಾರ ಶೆಡ್ಡಿಗೇ ಹೋಗಿದ್ದೆ" ಎಂದರು ಅಪ್ಪ, ಮಗಳ ಮುಖ ನೋಡಿ. "ಇವನ ಹತ್ರ ಮಾಡಿಸ್ದೆ. ಆ ಕುರ್ಚಿ ನಲವತ್ತು ವರ್ಷ ನನ್ನ ಬೆನ್ನು ಮುರಿದಿದೆ ಮಗಳೇ, ಇದೇ ಹಾಯಾಗಿದೆ."

ಲಿಡಿಯಾ ಅಪ್ಪನ ಕೊರಳು ತಬ್ಬಿ ಅತ್ತಳು, ನಕ್ಕಳು. ಅಪ್ಪ ಮೊದಲ ಚಿಪ್ಪನ್ನು ಅಜ್ಜನ ಪರವಾಗಿ ಬಿಡಿಸಿದರು. ಸದ್ಯ, ಲಿಡಿಯಾಳಿಗೂ ಕ್ಯಾಲಮನಿಗೂ ಒಂದು ಹನಿ ರಕ್ತದ ಸಂಬಂಧವೂ ಇಲ್ಲವಲ್ಲ, ಬೇಸಿಗೆಯಿಡೀ ತನಗೆ ಅದೇ ಚಿಂತೆಯಾಗಿತ್ತು ಎಂದು ಪೇಷನ್ಸ್ ಅತ್ತೆ ಊರಿಗೆಲ್ಲ ಕೇಳುವಂತೆ ಅಂದಳು.

ಲಿಡಿಯಾ ಕಣ್ಣೊರೆಸಿಕೊಂಡು ಕ್ಯಾಲಮನ ಪಕ್ಕ ಬಂದು ನಿಂತಳು. ಪರದೆಯೊಳಗಿನ ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಆ ಹುಡುಗಿ ನಮಗೇನಾಗ್ಬೇಕೋ?"

"ಸದ್ಯಕ್ಕೆ ಏನೂ ಆಗ್ಬೇಕಾಗಿಲ್ಲ ಅಜ್ಜ" ಎಂದ ಕ್ಯಾಲಮ್. ಅವನ ಕಿವಿ ಕೆಂಪಾಗಿತ್ತು. "ನನಗೆ ಇವಳು ಅಂದ್ರೆ ಪ್ರಾಣ. ಇವಳು ಹೂಂ ಅಂದ್ರೆ ನಮ್ಮವಳೇ ಆಗ್ತಾಳೆ."

ಲಿಡಿಯಾ ಕುರ್ಚಿಯ ಮುಂದೆ ಬಗ್ಗಿ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅಜ್ಜ, ನಾನೂ ಒಂದು ಅರ್ಜಿ ಹಾಕ್ತಿದ್ದೀನಿ" ಎಂದಳು. "ದಯವಿಟ್ಟು ವಾಪಸ್ ಕಳಿಸ್ಬೇಡಿ."