ಬುಟ್ರೆ ನಡೀತದಾ?

"ಯಾಕಮ್ಮ? ಅದ್ನ ಬುಟ್ರೆ ನಡೀತದಾ?"

ಹೆತ್ತ ಮಗಳ ಬಾಯಿಂದ ಆ ಮಾತು ಬಂದದ್ದೇ ತಡ, ಸುಮ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅತ್ತ ದೇವಲಾಪುರದ ತವರಿನಲ್ಲಿ ತಾಯಿ ಮಾಯಮ್ಮ ಹಾಸಿಗೆ ಹಿಡಿದಿದ್ದಳು. 'ಮಗಳ ಮೊಕ ತೋರ್ಸಿ' ಎಂದು ಹಲುಬುತ್ತಿದ್ದಾಳೆಂದು ಅಣ್ಣ ಬೆಳಿಗ್ಗೆಯೇ ಫೋನು ಮಾಡಿದ್ದ. ಹೆಂಗಸರಿಗೆ ಬಸ್ಸೇನೋ ಪುಕ್ಕಟೆ, ಸರಿ. ಆದರೆ ಸಾಯುವ ಹಾಗೆ ಮಲಗಿರುವ ಹೆತ್ತವ್ವನ ಮುಂದೆ ಬರಿಗೈಲಿ ಹೋಗಿ ನಿಲ್ಲುವುದು ಹೇಗೆ? ನಾಲ್ಕು ಮೂಸಂಬಿ, ಒಂದು ಪ್ಯಾಕೆಟ್ ಬ್ರೆಡ್ಡು... ಅಷ್ಟಾದರೂ ಬೇಡವೇ! ಅದಕ್ಕೆಂದೇ ಅವಳು ಐದನೇ ಕ್ಲಾಸಿನ ಮಗಳು ಲಿಖಿತಳ ಹುಂಡಿಯಿಂದ ಇನ್ನೂರು ರೂಪಾಯಿ ಕೇಳಿದ್ದಳು.

ಹೊಸಹೊಳಲಿನ ಆ ಮನೆಯಲ್ಲಿ ಬೀರುವಿನ ಬೀಗದ ಕೈ ಅತ್ತೆ ಪ್ರೇಮಮ್ಮನ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ಮಗ ಸಿದ್ದರಾಮುವಿನ ದಿನಸಿ ಅಂಗಡಿಯ ವ್ಯಾಪಾರ, ಸರ್ಕಾರ ಮನೆಯೊಡತಿಗೆ ಹಾಕುವ ಹಣ, ಸುಮ ಬ್ಲೌಸು ಹೊಲಿದು ತಂದ ಪುಡಿಗಾಸು, ಎಲ್ಲವೂ ಆಕೆಯ ಕೈಗೇ. ಯಾರು ಏನು ಕೇಳಿದರೂ ಆಕೆಯದು ಒಂದೇ ಮಾತು: "ಅದ್ನ ಬುಟ್ರೆ ನಡೀತದಾ?" ನಡೆಯದೇ ಏನು ಮಾಡೀತು! ಹೊಸ ಚಪ್ಪಲಿ ಬಿಟ್ಟರೂ ನಡೆಯುತ್ತದೆ, ಹಬ್ಬದ ಸೀರೆ ಬಿಟ್ಟರೂ ನಡೆಯುತ್ತದೆ, ತವರನ್ನು ಬಿಟ್ಟರೂ ನಡೆಯುತ್ತದೆ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದವಳು ಸುಮ. ನನ್ನ ಮಗಳಾದರೂ ನನ್ನ ಹಾಗೆ ಕೈಚಾಚುವುದು ಬೇಡ, ದುಡ್ಡಿನ ಬೆಲೆ ಕಲಿಯಲಿ ಎಂದು ಅತ್ತೂ ಕರೆದೂ ಮಗುವಿಗೆ ಸಂತೆಯ ದಿನ ಕೈಕಾಸು ಕೊಡಿಸಿದವಳೂ ಅವಳೇ. ಆದರೆ ಕಾಸು ಕೊಟ್ಟವಳು ಅಜ್ಜಿ... ಪಾಠ ಹೇಳಿದವಳೂ ಅಜ್ಜಿಯೇ!

"ದೇವಲಾಪುರದ ಅಜ್ಜಿಗೆ ಉಸಾರಿಲ್ಲ ಕಣ್ ಮಗ... ಅಣ್ಣು ತಗೊಂಡೋಗ್ಬೇಕು."

"ಮಾವ ತಂದ್ಕೊಟ್ಟಿರಲ್ವಾ?"

"ಹೆತ್ತೋಳ್ನ ಇಂಗೆಲ್ಲ ಕೇಳ್ಬಾರ್ದು ಕಣವ್ವ!" ಎಂದಳು ಸುಮ.

"ಯಾರೇ ಆದ್ರೂ ಕೇಳ್ಬೇಕು ಅಂತ ಅಜ್ಜಿನೇ ಯೋಳವ್ಳೆ," ಎಂದ ಹುಡುಗಿ ಹುಂಡಿಯನ್ನು ಎದೆಗೆ ಅವುಚಿಕೊಂಡಳು. ಆ ಕಣ್ಣಲ್ಲಿ ಕೆಟ್ಟತನವಿರಲಿಲ್ಲ. ಕಲಿತ ಪಾಠ ಒಪ್ಪಿಸುವ ಮಗುವಿನ ಹೆಮ್ಮೆ ಇತ್ತು, ಅಷ್ಟೇ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪ್ರೇಮಮ್ಮ ಗಹಗಹಿಸಿ ನಕ್ಕಳು. "ನೋಡ್ಲಾ ಸಿದ್ರಾಮು! ಮನೆ ಉಳ್ಸೋ ಎಣ್ಣು ಅಂದ್ರೆ ಇದು ಕಣ್ಲಾ!"

ಊಟಕ್ಕೆ ಕೂತಿದ್ದ ಸಿದ್ದರಾಮು ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಿಯ ಎದುರು ಸಾರಿಗೆ ಉಪ್ಪಿಲ್ಲ ಎನ್ನುವುದಕ್ಕೂ ಬಾಯಿ ಬಾರದ ಗಂಡು ಅವನು. ಸುಮ ಅವನ ಕಡೆ ನೋಡಿದಳು. ಅವನು ಇನ್ನಷ್ಟು ಸಾರು ಬಡಿಸಿಕೊಂಡ.

"ಅಲ್ಲ ಕಣ್ ಮಗ," ಪ್ರೇಮಮ್ಮನಿಗೆ ಮೊಮ್ಮಗಳನ್ನು ಕೆಣಕುವ ಹುರುಪು. "ನಾಳೀಕೆ ನಾನು ಮಲಿಕೊಂಡ್ರೆ? ನಂಗೊಂದು ಮೂಸಂಬಿ ತರೋಕೂ ಇಂಗೇ ಕೇಳೀಯಾ?"

"ಕೇಳ್ಬೇಕಲ್ವಾ ಅಜ್ಜಿ?" ಎಂದಳು ಲಿಖಿತ, ಇಷ್ಟು ಸುಲಭದ ಪ್ರಶ್ನೆಯೇ ಎಂಬಂತೆ.

ಪ್ರೇಮಮ್ಮನ ನಗು ಅಲ್ಲೇ ನಿಂತುಹೋಯಿತು. ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಉಳಿಯಿತು. ಆಮೇಲೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಐನೂರರ ಒಂದು ನೋಟು ತೆಗೆದು ಸೊಸೆಯ ಕಡೆ ಚಾಚಿದಳು. "ತಗೊ... ಓಗ್ಬುಟ್ಟು ಬಾ. ಬಸ್ಸು ತಪ್ಪೋದಾತು." ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಈ ಗಳಿಗೆಗಾಗಿ ಸುಮ ಎಷ್ಟು ವರ್ಷ ಕಾದಿದ್ದಳೋ! ಆದರೆ ನೋಟು ಕೈಗೆ ಬಂದಾಗ ಅವಳಿಗೆ ಸಂತೋಷವಾಗಲಿಲ್ಲ. ಅಯ್ಯೋ, ಇವಳಿಗಾದರೆ ವಯಸ್ಸಾಯಿತು, ಎಂದೋ ಒಂದು ದಿನ ಮೆತ್ತಗಾದಾಳು... ಈ ಕೂಸಿಗೆ ಇನ್ನೂ ಇಡೀ ಬಾಳು ಮುಂದಿದೆಯಲ್ಲ!

ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟುವಾಗ ಲಿಖಿತ ಬಾಗಿಲಿಗೆ ಓಡಿಬಂದಳು.

"ಮಿಕ್ಕಿದ್ ಚಿಲ್ರೆ ತಂದ್ಕೊಡ್ತೀಯ ತಾನೇ?"

"ಊಂ ಅತ್ತೆ... ತಂದ್ಕೊಡ್ತೀನಿ," ಎಂದು ಮಗಳಿಗೆ ಹೇಳಿ, ಸುಮ ಬಸ್ಸಿಗೆ ನಡೆದಳು.